ಬೀದರಿಗೆ ಜೋಡಿ ಹೋಗುವ ಮನುಷ್ಯ

ಅಪ್ಪನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದರೆ ಅವನು ಅಂಗಡಿಯಲ್ಲೇ ಇದ್ದಾನೆಂದು ನಂಬುವಂತಿರಲಿಲ್ಲ. ಎಷ್ಟೋ ಸಲ ಅದನ್ನು ತೆಗೆಯುವುದನ್ನೂ ಮರೆತು, ಯಾರದೋ ಮನೆಯ ರೋಗಿಯ ಜೊತೆ ಔರಾದಿನಿಂದ ಬೀದರ ಬಸ್ಸು ಹತ್ತಿರುತ್ತಿದ್ದ. ಮದುವೆಯಾಗಿ ನಾನು ಬಂದದ್ದು ಬೀದರಿನ ಮೈಲೂರಿಗೆ. ಮಧ್ಯಾಹ್ನ ಅಪ್ಪ ನಮ್ಮ ಬಾಗಿಲಲ್ಲಿ ನಿಂತು, "ಒಂದ್ ಚರಿಗಿ ನೀರ್ ಕೊಡವ್ವ, ದವಾಖಾನಿಗಿ ಬಂದಿದ್ವಿ" ಎನ್ನುವಾಗಲೂ ಟೇಪು ಕೊರಳಲ್ಲೇ. ಅವನ ಹಿಂದೆ ನಾನು ಎಂದೂ ನೋಡಿರದ ಮೂರು ನಾಲ್ಕು ಮಂದಿ. ನಾನು ಇನ್ನೊಂದಿಷ್ಟು ಅಕ್ಕಿ ತೊಳೆಯುತ್ತಿದ್ದೆ.

ನಮ್ಮ ಕಡೆ ದೊಡ್ಡ ದವಾಖಾನೆಗೆ ರೋಗಿ ಮತ್ತು ಮನೆಯವರು ಹೋದರೆ ಸಾಲದು. ದಾರಿ ಬಲ್ಲವನೊಬ್ಬ ಜೋಡಿಗೆ ಬೇಕು. ಚೀಟಿ ಎಲ್ಲಿ ಮಾಡಿಸುವುದು, ಯಾವ ಸಾಲಿನಲ್ಲಿ ನಿಲ್ಲುವುದು, ಯಾವ ಸಿಸ್ಟರ್ ಜೊತೆ ಮೆತ್ತಗೆ ಮಾತಾಡುವುದು, ಎಲ್ಲ ಅವನಿಗೆ ಗೊತ್ತಿರಬೇಕು. ಟೇಲರ್ ಆಗಿದ್ದ ಅಪ್ಪ ಅದು ಹೇಗೋ ಇಡೀ ಓಣಿಗೆ ಅಂಥ ಜೋಡಿಯವನಾಗಿಬಿಟ್ಟಿದ್ದ. ಯಾರಾದರೂ ಅಂಗಡಿ ಮುಂದೆ ನಿಂತು ಕಣ್ಣೊರೆಸಿಕೊಂಡರೆ ಸಾಕು, ಮಷೀನಿನ ಮೇಲೆ ಬಟ್ಟೆ ಮುಚ್ಚಿ ಏಳುತ್ತಿದ್ದ. "ರೋಗಿ ಹ್ಯಾಂಗೂ ಮಲಗಿರ್ತಾನ್ರಿ. ಧೈರ್ಯ ಬೇಕಾಗೂದು ಜೋಡಿ ಬಂದವಂಗ" ಎನ್ನುತ್ತಿದ್ದ.

ಇತ್ತ ಅಂಗಡಿಯಲ್ಲಿ ಮದುವೆ ಮನೆಯ ಜಂಪರುಗಳು ತೋಳಿಲ್ಲದೆ ಬಿದ್ದಿರುತ್ತಿದ್ದವು. ಒಮ್ಮೆ ಮದುಮಗಳ ತಾಯಿಯೇ ಬಂದು, "ನಾಳಿ ಲಗ್ನ ಅದ, ನಿನ್ನ ಗಂಡ ಎಲ್ಲಿಗಿ ಹೋಗ್ಯಾನ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದಳು. ಅವ್ವ ಆಕೆಗೆ ಚಹಾ ಕೊಟ್ಟು ತಾನೇ ಮಷೀನಿಗೆ ಕೂತಳು. ಎಡದ ತೋಳು ಬಲಕ್ಕೆ ಹೋಯಿತು, ಬಿಚ್ಚಿ ಮತ್ತೆ ಹಚ್ಚಿದಳು. "ನಿಮ್ಮಪ್ಪ ಊರ ಮಂದಿಗಿ ಹುಟ್ಯಾರ, ಅವ್ರು ಬಿಟ್ಟ ಅರಬಿ ಹೊಲ್ಯಾಕ ನಾ ಹುಟ್ಟೇನಿ" ಎಂದು ಬೈದವಳೇ, ಅಪ್ಪ ಮುಂದಿನ ಸಲ ಹೊರಟಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಆ ಗಂಟು ಯಾವಾಗಲೂ ರೋಗಿಯ ಮನೆಯವರಿಗೂ ಆಗುವಷ್ಟು ಇರುತ್ತಿತ್ತು. ಊರು ಅಪ್ಪನನ್ನು ಹೊಗಳಿತು, ಅವ್ವನನ್ನು ಹೊಗಳಿದವರು ಕಡಿಮೆ. ನಾನಾದರೂ ಹೇಳಬೇಕು. ಅವ್ವ ಇಲ್ಲದಿದ್ದರೆ ಅಪ್ಪ ಒಂದು ಬಸ್ಸನ್ನೂ ಹತ್ತುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಇಬ್ಬರೂ ಕೂಡಿ ಬಂದರು. "ನಿಮ್ಮವ್ವಗ ಮೊಣಕಾಲ ನೋಯ್ತಾವ" ಎಂದ ಅಪ್ಪ. ನಾನು ನಂಬಿದೆ. ಜೊತೆಗೆ ನಾನೂ ಹೋದೆ. ದವಾಖಾನೆಯಲ್ಲಿ ಅಪ್ಪ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ರೂಢಿಯಂತೆ ಹಿಂದೆ ಕೈಕಟ್ಟಿ ನಿಂತ. ಡಾಕ್ಟರು ಏನಾಗಿದೆ ಎಂದು ಕೇಳಿದ್ದೇ ತಡ, ಅವ್ವ ಅಳುತ್ತ ಎದ್ದುಬಿಟ್ಟಳು.

"ನನಗೇನೂ ಆಗಿಲ್ರಿ ಸಾಹೇಬ್ರ, ಇವ್ರಿಗಿ ಕರ್ಕೊಂಡ್ ಬರಾಕ ಸುಳ್ಳ ಹೇಳೇನಿ. ಇವ್ರಿಗಿ ನೋಡ್ರಿ. ಉಂಡದ್ದು ಹೊಟ್ಟ್ಯಾಗ ನಿಲ್ಲವಲ್ದು, ಯಾರಿಗೂ ಹೇಳಬ್ಯಾಡ ಅಂತಾರ."

ಅಪ್ಪ ನಾಚಿಕೊಂಡು ನಕ್ಕ. "ಇಲ್ಲಿ ಕೂತು ರೂಢಿ ಇಲ್ರಿ ನನಗ" ಎಂದು ಸ್ಟೂಲಿನ ತುದಿಗೆ ಕೂತ.

ತಪಾಸಣೆಗಳೆಲ್ಲ ಆದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಗಡ್ಡೆ ಹೊಟ್ಟೆಯಲ್ಲೆಲ್ಲ ಹಬ್ಬಿದೆ, ಕೈಮೀರಿದೆ ಎಂದರು. ಹೈದರಾಬಾದಿಗೆ ಒಯ್ಯಲೇ ಎಂದೆ. ಅದರಿಂದ ಉಪಯೋಗವಿಲ್ಲ ಎಂದರು. ಅಪ್ಪನಾಗಿದ್ದರೆ ಮುಂದೆ ಇನ್ನೇನು ಕೇಳಬೇಕೆಂದು ಗೊತ್ತಿರುತ್ತಿತ್ತು. ಅಪ್ಪನನ್ನು ಅಲ್ಲೇ ವಾರ್ಡಿಗೆ ಸೇರಿಸಿಕೊಂಡ ಮೇಲೆ ಕಾಲು ಒತ್ತಿದೆ, ಗಂಜಿ ಕುಡಿಸಿದೆ, ಅದನ್ನೂ ಅವನು ಹೊರಗೆ ಹಾಕುವುದನ್ನು ನೋಡುತ್ತ ನಿಂತೆ. ಅಷ್ಟು ದೊಡ್ಡ ಮಗಳಾಗಿ ನನ್ನ ಕೈಯಿಂದ ಆದದ್ದು ಅಷ್ಟೇ.

ಒಂದು ಬೆಳಿಗ್ಗೆ ಪಕ್ಕದ ಹಾಸಿಗೆಗೆ ಭಾಲ್ಕಿ ಕಡೆಯ ಭಾತಂಬ್ರಾದವನೊಬ್ಬ ಹೆಂಡತಿಯನ್ನು ತಂದು ಮಲಗಿಸಿದ. ಜೊತೆಗೆ ಯಾರೂ ಇರಲಿಲ್ಲ. ಹೆಂಡತಿಯ ರಕ್ತದ ಸಣ್ಣ ಶೀಸೆಯನ್ನು ತಪಾಸಣೆಗೆ ಎಲ್ಲಿ ಕೊಡಬೇಕೆಂದು ತಿಳಿಯದೆ ಬಾಗಿಲಿಗೂ ಹಾಸಿಗೆಗೂ ಓಡಾಡುತ್ತಿದ್ದ. ಅಪ್ಪ ಕಣ್ಣು ತೆರೆದು ಅವನನ್ನೇ ನೋಡಿದ.

"ಹೋಗವ್ವ, ಅವನ ಜೋಡಿ ಹೋಗು."

"ನಿನಗ ಬಿಟ್ಟು ನಾ ಹೋಗಂಗಿಲ್ಲಪಾ."

"ನಿಮ್ಮವ್ವ ಇದ್ದಾಳಲ್ಲ. ಅವಂಗ ಯಾರೂ ಇಲ್ಲ. ನಾ ಎಲ್ಲಿಗಿ ಹೋಗ್ತೇನಿ?"

ಹೋದೆ. ಅವರಿವರನ್ನು ಕೇಳಿ, ತಪ್ಪು ಸಾಲಿನಲ್ಲಿ ನಿಂತು ಬೈಸಿಕೊಂಡು, ಕೊನೆಗೆ ಶೀಸೆ ಕೊಟ್ಟು ಬಂದೆವು. ಅವ್ವ ಅಪ್ಪನ ಪಾದ ಉಜ್ಜುತ್ತ ಕೂತಿದ್ದಳು. "ಕಾಲ ತಣ್ಣಗ ಆಗ್ಯಾವ, ಜರಾ ಚಾದರ ಹೊಚ್ಚು" ಎಂದಳು. ಭಾತಂಬ್ರಾದವನು ಅಪ್ಪನ ಮುಖ ನೋಡಿ ತಲೆಗೆ ಸುತ್ತಿದ್ದ ಟವೆಲ್ ತೆಗೆದ. ಆಗ ನನಗೂ ತಿಳಿಯಿತು.

ಸಿಸ್ಟರ್ ಬಂದು ನೋಡಿ, ಮನೆಗೆ ಒಯ್ಯುವ ವ್ಯವಸ್ಥೆ ಮಾಡಿಕೊಳ್ಳಿ ಎಂದು ಹೇಳಿ ಹೋದರು. ಅವ್ವ ನನ್ನ ಸೆರಗು ಹಿಡಿದು, "ಈಗ ಏನ್ ಮಾಡಬೇಕವ್ವ?" ಎಂದಳು. ಗಾಡಿ ಎಲ್ಲಿ ಸಿಗುತ್ತದೆ, ಯಾರ ಸಹಿ ಬೇಕು, ಔರಾದಿನಲ್ಲಿ ಮೊದಲು ಯಾರಿಗೆ ತಿಳಿಸಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಎಷ್ಟೋ ಮನೆಯವರಿಗೆ ಇದನ್ನೆಲ್ಲ ಅಪ್ಪನೇ ಮುಂದೆ ನಿಂತು ಮಾಡಿಕೊಟ್ಟಿದ್ದ. ನಾನು ಬಗ್ಗಿ, ಅವನ ಕಿವಿಯ ಹತ್ತಿರವೇ ಕೇಳಿದೆ: "ಅಪ್ಪಾ, ಯಾರಿಗಿ ಕೇಳ್ಲಿ?"