ಗಂಗಿ ಹಿಂದೆ ಸರಿಯಲು ಕಲಿತದ್ದು
ಮುಂದೇನಾಗಬೇಕೆಂದು ಓದುವವರೇ ಆರಿಸುವಂಥ ಕಥೆಗಳನ್ನು ನಾನು ಮೊಬೈಲಿಗೆ ಬರೆಯುತ್ತೇನೆ. ಹೊಸ ಕಥೆಯ ನಾಯಕಿ ಗಂಗಿ ಕುರಿ ಕಾಯುವವಳು, ಯಾವುದಕ್ಕೂ ಹೆದರದವಳು. ಕುರಿ ಕಾಯುವವರಿಗೇ ಅದನ್ನು ತೋರಿಸೋಣವೆಂದು ಕೂಡ್ಲಿಗಿ ಕಡೆಯ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಹೊನ್ನಮ್ಮನ ಪಕ್ಕ ಕೂತಿದ್ದೆ. ಕಥೆಯಲ್ಲಿ ಗಂಗಿಗೆ ಕರಡಿ ಎದುರಾಯಿತು. ಆಯ್ಕೆ ಎರಡೇ: ಕೋಲು ಬೀಸು, ಇಲ್ಲವೇ ಕೂಗಿ ಬೆದರಿಸು.

“ಹಿಂದ ಸರಿಯಾಕ ಇಲ್ಲೇನ್ರಿ ಅಕ್ಕಾರ?” ಹೊನ್ನಮ್ಮ ಕೇಳಿದಳು.

“ಗಂಗಿ ಧೈರ್ಯವಂತೆ. ಅವಳ ಸ್ವಭಾವವೇ ಹಾಗೆ,” ಎಂದೆ.

ಅಷ್ಟರಲ್ಲಿ ಕುರಿಗಳೆಲ್ಲ ಒಂದೇ ಕಡೆ ಒತ್ತಿಕೊಂಡವು. ಬಂಡೆಯ ಸಂದಿನಿಂದ ನಿಜವಾದ ಕರಡಿಯೇ ಹೊರಬಂದಿತ್ತು, ಬೆನ್ನ ಮೇಲೆ ಮರಿ. ನಾನು ಓಡಲೆಂದು ಎದ್ದು ತಿರುಗಿದೆ. ಹೊನ್ನಮ್ಮ ನನ್ನ ತೋಳು ಹಿಡಿದಳು.

“ಓಡಬ್ಯಾಡ್ರಿ. ಬೆನ್ನು ತೋರಿಸಬ್ಯಾಡ್ರಿ. ಮೆಲ್ಲಕ ಹಿಂದ ಬರ್ರಿ.”

ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟೆವು. ಅವಳು ಸಣ್ಣ ದನಿಯಲ್ಲಿ ಕುರಿಗಳನ್ನು ಕರೆಯುತ್ತಲೇ ಇದ್ದಳು. ಕರಡಿ ಮೂತಿ ಎತ್ತಿ ಗಾಳಿ ಮೂಸಿತು, ಬಹಳ ಹೊತ್ತು ನಿಂತಿತು, ಕೊನೆಗೆ ಪೊದೆಯೊಳಗೆ ಇಳಿಯಿತು.

“ನಿನಗೂ ಹೆದರಿಕೆ ಆಯ್ತಾ?” ಎಂದು ಕೇಳಿದೆ.

“ಜೀವ ಬಾಯಿಗೆ ಬಂದಿತ್ರಿ. ಆದ್ರ ಕುರಿ ಬಿಟ್ಟು ಹೆಂಗ ಬರ್ಲಿ?”

ಈಗ ಕಥೆಯಲ್ಲಿ ಮೂರನೆಯ ಆಯ್ಕೆಯೂ ಇದೆ: ಹಿಂದೆ ಸರಿ. ಓದುವವರು ಯಾರು ಬೇಕಾದರೂ ಗಂಗಿಯನ್ನು ಹಿಂದೆ ಸರಿಸಬಹುದು. ಆದರೆ ಕುರಿಗಳನ್ನು ಕರೆಯದೆ ಅವಳು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. “ನಾಯಕಿ ಅಂಜುಬುರುಕಿ ಆದಳಲ್ಲ,” ಎಂದು ಆಫೀಸಿನಲ್ಲಿ ಒಬ್ಬರು ನಕ್ಕರು. ಬಿಡುವಾದಾಗ ಒಮ್ಮೆ ಕೂಡ್ಲಿಗಿ ಕಡೆ ಹೋಗಿ ಬನ್ನಿ ಎಂದೆ.