ಅಮ್ಮ ಹೊಲಿದ ಕಣಿವೆ

ಅಣ್ಣ ಕಳಿಸಿದ ಕೊನೆಯ ಲಕೋಟೆಯಲ್ಲಿ ಒಂದು ಫೋಟೋ ಇತ್ತು, ಅಂಗೈಯಷ್ಟು ಅಗಲದ್ದು. ಎರಡು ಬೆಟ್ಟ, ನಡುವೆ ಕಣಿವೆ, ಕಣಿವೆಯಲ್ಲೊಂದು ಹೊಳೆ, ಹೊಳೆಗೆ ಇಳಿಯುವ ಕಾಲುದಾರಿ. ಮನುಷ್ಯರು ಯಾರೂ ಇರಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ‘ಇಲ್ಲಿ ಚೆನ್ನಾಗಿದೆ, ಯೋಚನೆ ಮಾಡಬೇಡಿ’ ಎಂದು ಬರೆದಿದ್ದ. ಅವನು ಮಿಲಿಟರಿ ಲಾರಿ ಓಡಿಸಲು ಬರ್ಮಾದ ಕಡೆಗೆ ಹೋಗಿ ಆಗಲೇ ವರ್ಷವಾಗಿತ್ತು. ಫೋಟೋ ಬಂದ ಎರಡು ತಿಂಗಳಿಗೆ ಸರ್ಕಾರಿ ಕಾಗದ ಬಂತು. ಕಾಣೆಯಾಗಿದ್ದಾನೆ ಎಂದಿತ್ತು, ಅಷ್ಟೇ. ಸತ್ತ ಎಂದೂ ಇರಲಿಲ್ಲ, ಬದುಕಿದ್ದಾನೆ ಎಂದೂ ಇರಲಿಲ್ಲ.

ನಾವಾಗ ಹಲಸೂರು ಕೆರೆಯ ಹತ್ತಿರದ ಸಾಲುಮನೆಯೊಂದರಲ್ಲಿ ಇದ್ದೆವು. ಅಪ್ಪ ಬ್ಲಾಕ್‌ಪಳ್ಳಿಯ, ಅಂದರೆ ಈಗಿನ ಶಿವಾಜಿನಗರದ, ಟೈಲರ್ ಅಂಗಡಿಯೊಂದರಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದರು. ನನಗೆ ಹದಿಮೂರು ವರ್ಷ. ಪಕ್ಕದ ಮನೆಯಾಕೆ ಒಂದು ದಿನ ಬಂದು, “ಇನ್ನೆಷ್ಟು ದಿನ ಕಾಯ್ತೀರಾ? ಕಾರ್ಯ ಮಾಡಿ ಮುಗಿಸ್ಬಿಡಿ” ಎಂದಳು. ಅಮ್ಮ ಅವಳ ಮುಖಕ್ಕೆ ಫೋಟೋ ಹಿಡಿದು, “ನನ್ ಮಗ ಇಲ್ಲಿ ಅವ್ನೆ. ಯಾರ್ಗೆ ಕಾರ್ಯ ಮಾಡ್ಲಿ?” ಎಂದಳು.

ಅವತ್ತು ಮಧ್ಯಾಹ್ನವೇ ಅಮ್ಮ ತನ್ನ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ನೆಲದ ಮೇಲೆ ಹಾಸಿದಳು. ಕೌದಿ ಹೊಲಿಯುವುದು ಅವಳಿಗೆ ತವರಿನಿಂದ ಬಂದ ವಿದ್ಯೆ. ಆದರೆ ಚೌಕ, ತ್ರಿಕೋನ ಬಿಟ್ಟು ಬೇರೇನನ್ನೂ ಅವಳು ಹೊಲಿದವಳಲ್ಲ. ಈಗ ಅಪ್ಪನ ಸೀಮೆಸುಣ್ಣದಿಂದ ಸೀರೆಯ ಮೇಲೆ ಗೆರೆ ಎಳೆದಳು. ಫೋಟೋದ ಒಂದು ಬೆರಳಗಲಕ್ಕೆ ಕೌದಿಯಲ್ಲಿ ಒಂದು ಗೇಣು. ಅಳೆದು ಅಳೆದು ಬೆಟ್ಟ ಎಬ್ಬಿಸಿದಳು. ಸಿಪಾಯಿ ಬಟ್ಟೆಯ ತುಂಡುಗಳು ಬೆಟ್ಟವಾದವು. ದೊಡ್ಡ ಸಾಹೇಬರ ಕೋಟುಗಳ ಒಳಗೆ ಹಾಕುವ ಬೂದು ಸ್ಯಾಟಿನ್ ಹೊಳೆಯಾಯಿತು. ಬಾಂಬಿನ ಭಯಕ್ಕೆ ಕಿಟಕಿಗಳಿಗೆ ಕಟ್ಟುತ್ತಿದ್ದ ಕಪ್ಪು ಬಟ್ಟೆಯನ್ನು ಕತ್ತರಿಸಿ ಮರಗಳ ನೆರಳು ಮಾಡಿದಳು. ಮಣ್ಣಿನ ಬಣ್ಣಕ್ಕೆ ಬಂದಾಗ ಕೈ ನಿಂತಿತು. ಕಪ್ಪು-ಬಿಳುಪಿನ ಫೋಟೋದಲ್ಲಿ ಅದು ತಿಳಿಯುವ ಹಾಗಿರಲಿಲ್ಲ.

“ಅಂಗ್ಡಿಗೆ ಅಲ್ಲಿಂದ ಬಂದೋರು ಯಾರಾದ್ರೂ ಬಂದ್ರೆ ಕೇಳು. ಮಣ್ಣು ಕೆಂಪೋ, ಕಪ್ಪೋ?” ಎಂದು ಫೋಟೋವನ್ನು ನನ್ನ ಕೈಗೆ ಕೊಟ್ಟಳು.

ಅಪ್ಪನಿಗೆ ಊಟ ಒಯ್ಯುತ್ತಿದ್ದವಳು ನಾನೇ. ನಾಲ್ಕಾರು ದಿನಗಳಾದ ಮೇಲೆ ಅಂಗಡಿಗೆ ಒಬ್ಬ ತಮಿಳು ಸಿಪಾಯಿ ಬಂದಿದ್ದ. ಎಡಗೈ ಮೊಣಕೈಯ ತನಕ ಇರಲಿಲ್ಲ. ಅಂಗಿಯ ತೋಳನ್ನು ಮಡಿಸಿ ಹೊಲಿಸಿಕೊಳ್ಳಲು ಬಂದಿದ್ದ. ಬರ್ಮಾದಿಂದ ಬಂದವನೆಂದು ತಿಳಿದು ಫೋಟೋ ತೋರಿಸಿದೆ. ಅವನು ನನ್ನನ್ನೂ ಅಪ್ಪನನ್ನೂ ಒಮ್ಮೆ ನೋಡಿ, ಜೇಬಿನಿಂದ ಒಂದು ಪಾಕೀಟು ತೆಗೆದ. ಅದರೊಳಗಿಂದ ಅಂಥದೇ ಒಂದು ಫೋಟೋ ಹೊರಬಂತು. ಅದೇ ಬೆಟ್ಟ, ಅದೇ ಹೊಳೆ, ಅದೇ ದಾರಿ.

“ಇದು ಬರ್ಮಾ ಅಲ್ಲಮ್ಮಾ. ಕಲ್ಕತ್ತಾ ಸ್ಟೇಷನ್ನಲ್ಲಿ ಮಾರ್ತಿದ್ರು, ಎಲ್ರೂ ತಗೊಂಡ್ವಿ. ಮನೇಲಿ ನೋಡಿ ಸಂತೋಷ ಪಡ್ಲಿ ಅಂತ” ಎಂದ, ತಮಿಳು ಬೆರೆತ ಕನ್ನಡದಲ್ಲಿ. “ನನ್ಗೆ ಕಳ್ಸೋಕೆ ಯಾರೂ ಇಲ್ಲ, ಅದಕ್ಕೇ ಇಲ್ಲೇ ಇದೆ.”

“ಹಾಗಾದ್ರೆ ಅಲ್ಲಿ ಹೇಗಿದೆ?” ಎಂದೆ.

“ಕೆಸರು. ಬರೀ ಕೆಸರು” ಎಂದ.

ಅಪ್ಪ ಮಿಷನ್ ತುಳಿಯುವುದನ್ನು ನಿಲ್ಲಿಸಿದ್ದರು. ಅವನು ಹೋದ ಮೇಲೆ ನನ್ನ ಕಡೆ ನೋಡದೆಯೇ, “ಅಮ್ಮಂಗೆ ಹೇಳ್ಬೇಡ. ಮಣ್ಣು ಕೆಂಪು ಅನ್ನು” ಎಂದರು.

ಕೆಂಪು ಎಂದೆ. ಅಮ್ಮನ ಮುಖ ಅರಳಿತು. “ನಮ್ ಕಡೆ ಮಣ್ಣಿನ್ ಥರಾನೇ!” ಎಂದು ಮದುವೆಯ ಸೀರೆಯ ಅಂಚನ್ನೇ ಹರಿದು ಕಾಲುದಾರಿ ಹೊಲಿದಳು. ನಾನು ಎದುರಿಗೆ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಅಣ್ಣ ಎಂದೂ ಕಾಲಿಡದ ಆ ಬೆಟ್ಟಕ್ಕೆ ನನ್ನ ಕೈಯಿಂದಲೂ ಹೊಲಿಗೆ ಬಿತ್ತು. ಅಮ್ಮ ಮಾತ್ರ ಒಂದೊಂದು ತುಂಡು ಇಡುವಾಗಲೂ ಅವನ ಸುದ್ದಿ ಮಾತಾಡುತ್ತಿದ್ದಳು. ಇಲ್ಲಿ ನೀರು ಕುಡಿದಿರಬೇಕು, ಈ ಮರದ ಕೆಳಗೆ ಲಾರಿ ನಿಲ್ಲಿಸಿರಬೇಕು. ಬೆಟ್ಟದ ಬುಡದಲ್ಲಿ ಫೋಟೋದಲ್ಲಿಲ್ಲದ ಒಂದು ಗುಡಿಸಲನ್ನೂ ಅವಳು ಹೊಲಿದಳು. “ಯಾರೋ ಪುಣ್ಯಾತ್ಮರು ಅವನ್ನ ಇಟ್ಕೊಂಡಿರ್ಬೇಕು ಕಣೆ” ಎಂದಳು. ನಾನು ಮುಂದಿನ ಸೂಜಿಗೆ ದಾರ ಪೋಣಿಸಿ ಕೊಟ್ಟೆ.

ಯುದ್ಧ ಮುಗಿಯಿತು. ಸಿಪಾಯಿಗಳು ರೈಲು ತುಂಬ ಬರತೊಡಗಿದರು. ಅಮ್ಮ ಕೌದಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಎಳೆದುಕೊಂಡು ಹೋದಳು. ಪ್ಲಾಟ್‌ಫಾರಂ ಮೇಲೆ ನಾನೊಂದು ತುದಿ, ಅವಳೊಂದು ತುದಿ ಹಿಡಿದು ನಿಂತೆವು. ಇಳಿದು ಬಂದವರನ್ನೆಲ್ಲ ಅವಳು ಕೇಳುತ್ತಿದ್ದಳು, “ಅಪ್ಪಾ, ಈ ಜಾಗ ನೋಡಿದ್ಯಾ? ಇಲ್ಲಿ ನನ್ ಮಗ ಇದ್ದಾನೆ, ನೋಡಿದ್ಯಾ?” ಕೆಲವರು ತಲೆಯಾಡಿಸಿ ಹೋದರು. ಒಬ್ಬ ಮಾರಾಟಕ್ಕೆಂದು ತಿಳಿದು ಬೆಲೆ ಕೇಳಿದ. ಇಬ್ಬರು ನಕ್ಕರು.

ನಾಲ್ಕನೆಯ ದಿನವೂ ಹಾಗೆಯೇ ನಿಂತಿದ್ದೆವು. ನನ್ನ ಕೈ ಸೋತಿತ್ತು. ಅಮ್ಮ ಇನ್ನೊಬ್ಬನ ಹಿಂದೆ ಓಡಲು ಹೊರಟಾಗ ಕೌದಿಯ ತುದಿ ಬಿಟ್ಟುಬಿಟ್ಟೆ.

“ಸಾಕಮ್ಮಾ! ಆ ಫೋಟೋ ಕಲ್ಕತ್ತಾದಲ್ಲಿ ಕೊಂಡಿದ್ದು. ಅಣ್ಣ ಆ ಬೆಟ್ಟಕ್ಕೆ ಹೋಗೇ ಇಲ್ಲ. ಅಪ್ಪಂಗೂ ಗೊತ್ತು.”

ಅವಳು ಬೈಯಲಿಲ್ಲ. ಬಗ್ಗಿ ಕೌದಿಯ ಧೂಳು ಕೊಡವಿದಳು. “ಯಾವತ್ತಿಂದ ಗೊತ್ತು?” ಎಂದಳು.

“ಮಣ್ಣಿನ್ ಬಣ್ಣ ಕೇಳಿದ್ಯಲ್ಲಾ, ಅವತ್ತಿಂದ.”

“ಒಂದೂವರೆ ವರ್ಷ” ಎಂದಳು. “ಎದ್ರಿಗೇ ಕೂತು ದಾರ ಪೋಣಿಸಿ ಕೊಟ್ಯಲ್ಲೇ.”

ಮನೆಯ ತನಕ ಅವಳು ಮುಂದೆ, ನಾನು ಹಿಂದೆ. ಅಪ್ಪ ಬಂದಾಗ ಅವರನ್ನೂ ಒಂದು ಮಾತು ಕೇಳಲಿಲ್ಲ. ಮಾರನೆಯ ವಾರ ಪುರೋಹಿತರನ್ನು ಕರೆಸಲು ತಾನೇ ಹೇಳಿದಳು. ಹೆಣವಿಲ್ಲದ ಮಗನಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟರು. ಅಮ್ಮ ಅಳಲಿಲ್ಲ. ಆಮೇಲೆ ಬದುಕಿದ್ದ ಮೂರು ವರ್ಷ ಅಡುಗೆ ಮಾಡಿದಳು, ನೀರು ತಂದಳು, ನನ್ನ ಮದುವೆಯನ್ನೂ ಮಾಡಿಸಿದಳು. ಆದರೆ ಯಾರೇನು ಹೇಳಿದರೂ, “ನಿಜಾನಾ?” ಎಂದು ಕೇಳುತ್ತಿದ್ದಳು. ಹಾಲು ಉಕ್ಕಿತು ಎಂದರೂ ಕೇಳುತ್ತಿದ್ದಳು. ನಾನು ನಿಜ ಎಂದಾಗ ಒಮ್ಮೆ ನನ್ನ ಮುಖ ನೋಡಿ, ತಾನೇ ಎದ್ದು ಹೋಗಿ ನೋಡಿಕೊಂಡು ಬರುತ್ತಿದ್ದಳು.