ಮಾವಶಿ ಹೇಳಿದ ಮೂರು ಊರು

ಈ ಸಂಗತಿಯನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎದ್ದು ಹೋಗಿದ್ದೇನೆ. ಹೆಂಡತಿ ಇದ್ದಾಗ ಆಕೆಗೂ ಹೇಳಲಿಲ್ಲ. ಈಗ ಮಗ, "ಅಪ್ಪಾ, ಹಳೇದೆಲ್ಲಾ ಯಾಕ ಕೆದರತಿ? ಬೆಳಗಾವ್ಯಾಗ ಹೊರಗಿನವರು, ಒಳಗಿನವರು ಅನ್ನೂ ಜಗಳ ಇರೂದ ಸಾಕಾಗೇತಿ" ಎನ್ನುತ್ತಾನೆ. ಇರಲಿ, ಕೆದರುತ್ತೇನೆ. ಯಾರಾದರೂ ಕ್ಷಮಿಸಲಿ ಎಂದು ಬರೆಯುತ್ತಿಲ್ಲ. ಕ್ಷಮಿಸಬೇಕಾದವಳು ತೀರಿಕೊಂಡಿದ್ದಾಳೆ. ಬೈಯುವವರಿದ್ದರೆ ಧಾರಾಳವಾಗಿ ಬೈಯಲಿ.

ಆಗಿನ ಖಾನಾಪುರಕ್ಕೆ ಬೇಸಿಗೆಯಲ್ಲಿ ಒಂದು ವಾಸನೆಯಿತ್ತು, ಹಸಿಮಣ್ಣು ಮತ್ತು ಕಟ್ಟಿಗೆಯ ಹೊಗೆ ಬೆರೆತದ್ದು. ಮಲಪ್ರಭೆಯ ದಂಡೆಯ ಹಂಚಿನ ಕಾರ್ಖಾನೆಯಿಂದ ಅದು ಬರುತ್ತಿತ್ತು. ಅಲ್ಲಿನ ಕೂಲಿಗಳ ಮೇಲ್ವಿಚಾರಣೆ ನಮ್ಮಪ್ಪನದು. ಶಾಲೆ ಬಿಟ್ಟರೆ ನಾವು ಹುಡುಗರು ಅಲ್ಲೇ. ಮೆತ್ತನೆಯ ಮಣ್ಣನ್ನು ಅಂಗೈಯಲ್ಲಿ ಹೊರಳಿಸಿ ಗೋಲಿ ಮಾಡುತ್ತಿದ್ದೆವು. ಭಟ್ಟಿಗೆ ಹಂಚು ಜೋಡಿಸುವಾಗ ಯಾರಿಗೂ ಕಾಣದಂತೆ ಅವುಗಳನ್ನು ಸಂದಿಗೆ ಸೇರಿಸುತ್ತಿದ್ದವಳು ಮಾವಶಿ. ಭಟ್ಟಿ ತೆರೆದ ದಿನ ಗೋಲಿಗಳು ಕೆಂಪಗೆ, ಕಲ್ಲಿನಂತೆ ಗಟ್ಟಿಯಾಗಿ ಹೊರಬರುತ್ತಿದ್ದವು. ಪೇಟೆಯ ಗಾಜಿನ ಗೋಲಿಯನ್ನು ಅವು ಒಂದೇ ಏಟಿಗೆ ಒಡೆಯುತ್ತಿದ್ದವು.

ಮಾವಶಿ ಎಂದರೆ ಚಿಕ್ಕಮ್ಮ. ಆಕೆ ನಮಗೆ ಸಂಬಂಧಿಕಳಲ್ಲ. ಗೋವಾದಲ್ಲಿ ಇನ್ನೂ ಪರಂಗಿಯವರ ಆಡಳಿತವಿದ್ದಾಗ ಹೊಸ ಮದುವಣಗಿತ್ತಿಯಾಗಿ ಗಂಡನ ಹಿಂದೆ ಘಟ್ಟ ಹತ್ತಿ ಬಂದವಳು. ಗಂಡ ಸತ್ತ. ಹುಟ್ಟಿದ ಒಂದೇ ಒಂದು ಕೂಸೂ ಉಳಿಯಲಿಲ್ಲ. ಅದನ್ನು ಗುಡಿಸಲಿನ ಹಿಂದೆಯೇ ಹೊಳೆದಂಡೆಯಲ್ಲಿ ಹೂತು, ಮಣ್ಣು ತುಳಿಯುತ್ತ ಅಲ್ಲೇ ಉಳಿದುಬಿಟ್ಟಳು. ಮಳೆಗಾಲದಲ್ಲಿ ಕಾರ್ಖಾನೆ ನಿಂತು ಬೇರೆ ಕೂಲಿಗಳೆಲ್ಲ ಊರಿಗೆ ಹೋದರೂ ಆಕೆ ಹೋಗುತ್ತಿರಲಿಲ್ಲ.

ಭಟ್ಟಿಯ ಬೂದಿಯಲ್ಲಿ ಸುಟ್ಟ ಹಲಸಿನ ಬೀಜ, ಉಪ್ಪಿನ ಮಾವು, ಪೇಜ್ ಎಂದು ಆಕೆ ಕರೆಯುತ್ತಿದ್ದ ಬಿಸಿ ಗಂಜಿ, ಇವು ನನ್ನ ಪಾಲಿಗೆ ಯಾವತ್ತೂ ಇರುತ್ತಿದ್ದವು. ಮೀನಿನ ಸಾರು ಮಾತ್ರ ಮುಚ್ಚಿಡುತ್ತಿದ್ದಳು. "ಬ್ಯಾಡ ಬಾಳಾ. ಲಿಂಗ ಕಟ್ಟಿದ ಹುಡುಗ ನೀ. ನಿಮ್ಮವ್ವಗ ಗೊತ್ತಾದ್ರ ನನ್ನ ಹಂಚಿನ ಜೊತಿ ಭಟ್ಟಿಗಿ ಹಾಕ್ತಾಳ" ಎಂದು ತನ್ನ ಕೊಂಕಣಿಯಲ್ಲಿ ಹೇಳಿ ನಗುತ್ತಿದ್ದಳು. ಬಾಳಾ ಎಂದರೆ ಮಗು. ಆಕೆಯ ಪೇಜ್ ಕುಡಿಯುತ್ತಲೇ ನಾನು ಕೊಂಕಣಿ ಕಲಿತೆ.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಧಾರವಾಡದ ಕಡೆಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳ ಬಗ್ಗೆ ಸಂಶೋಧನೆ ಮಾಡುವವರು. ಅವರು ಕೊಡುವ ವರದಿ ನೋಡಿ ಸರಕಾರ ಕಾಯಂ ನೆಲೆಸಿದವರಿಗೆ ಮನೆ ಕಟ್ಟಲು ಜಾಗ ಕೊಡುತ್ತದೆ, ಬೇರೆ ಊರು ಇದ್ದವರನ್ನು ಹೊಳೆದಂಡೆಯಿಂದ ಎಬ್ಬಿಸುತ್ತದೆ ಎಂದು ಸುದ್ದಿಯಾಗಿತ್ತು. ಸಾಹೇಬರಿಗೆ ಕೊಂಕಣಿ ಬರುತ್ತಿರಲಿಲ್ಲ, ಮಾವಶಿಯಂಥವರಿಗೆ ಆಗ ಕನ್ನಡ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಪ್ಪ ನನ್ನನ್ನು ಮುಂದೆ ತಳ್ಳಿದ. ಎರಡು ದಿನ ಗುಡಿಸಲಿನಿಂದ ಗುಡಿಸಲಿಗೆ ಸಾಹೇಬರ ಬಾಜೂಕ್ಕೆ ನಡೆದೆ. ನನಗೆ ಕೊಂಬು ಬಂದಿತ್ತು. ಕೆಲಸ ಬೇಗ ಮುಗಿದರೆ ಜೀಪಿನಲ್ಲಿ ಬೆಳಗಾವಿಗೆ ಕರೆದೊಯ್ದು ಕೋಟೆ ತೋರಿಸುವುದಾಗಿ ಅವರು ಹೇಳಿದ್ದರು.

ಕೊನೆಯ ಗುಡಿಸಲು ಮಾವಶಿಯದು. ಒಗೆದ ಸೀರೆ ಉಟ್ಟು, ಅಂಗಳ ಸಾರಿಸಿ ಕಾದು ಕೂತಿದ್ದಳು. ಊರು ಯಾವುದೆಂದು ಕೇಳು ಎಂದರು ಸಾಹೇಬರು. ಕೇಳಿದೆ.

ಆಕೆಯ ಜನರಲ್ಲಿ ಒಂದು ಪದ್ಧತಿ. ಊರು ಕೇಳಿದರೆ ಮೊದಲು ಮನೆದೇವರ ಊರು ಹೇಳಬೇಕು, ಆಮೇಲೆ ಗಂಡನ ಮೂಲದ ಊರು, ಕಡೆಗೆ ತನ್ನ ಒಲೆ ಇರುವ ಊರು. ದೇವರನ್ನು ಬಿಟ್ಟು ನೇರ ಒಲೆಗೆ ಬಂದರೆ ಅಪಚಾರ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮಾವಶಿ ಗೋವಾದ ದೇವರ ಊರು ಹೇಳಿ ಕೈಮುಗಿದಳು, ಗಂಡನ ಊರು ಹೇಳಿದಳು. ಆಮೇಲೆ ಅಂಗೈಯನ್ನು ನೆಲಕ್ಕೆ ಊರಿ ಕೊಂಕಣಿಯಲ್ಲಿ ನಿಧಾನವಾಗಿ ಅಂದಳು: "ನನ್ನ ಕೂಸು ಈ ಮಣ್ಣಾಗ ಐತಿ. ಅದನ್ನ ಬಿಟ್ಟು ಒಂದು ಮಳಿಗಾಲಾನೂ ನಾ ಎಲ್ಲೂ ಹೋಗಿಲ್ಲ. ನನ್ನ ಊರು ಇದ ಅಂತ ಹೇಳು."

ಅಷ್ಟರಲ್ಲಿ ಡ್ರೈವರ್ ಜೀಪು ಚಾಲೂ ಮಾಡಿದ.

"ಏನಂತಾಳೆ?" ಎಂದರು ಸಾಹೇಬರು.

"ಗೋವಾ ಅಂತ್ರಿ."

"ಅಷ್ಟುದ್ದ ಹೇಳಿದಳಲ್ಲೋ?"

"ಅದೇನಿಲ್ರಿ. ದೇವರ ಸುದ್ದಿ."

ಸಾಹೇಬರು ಎದ್ದರು. ಮಾವಶಿ ನನ್ನ ಮುಖ ನೋಡಿ, ಎಲ್ಲಾ ಹೇಳಿದೆಯಾ ಎಂದು ಕೇಳಿದಳು. "ಎಲ್ಲಾ ಹೇಳಿದ್ನಿ ಮಾವಶಿ" ಎಂದೆ. ಓಡಿಹೋಗಿ ಜೀಪು ಹತ್ತಿದೆ.

ಕೋಟೆ ನೋಡಿದೆ, ಬಸದಿಯ ತಣ್ಣನೆಯ ಕಲ್ಲು ಮುಟ್ಟಿದೆ. ಸಾಹೇಬರು ಕುಂದಾ ಕೊಡಿಸಿದರು. ಎಲೆಯನ್ನೂ ನೆಕ್ಕಿದೆ. ಅದು ರುಚಿಯಾಗಿಯೇ ಇತ್ತು. ಸುಳ್ಳು ಹೇಳುವುದಿಲ್ಲ.

ದಸರೆ ಮುಗಿದ ಮೇಲೆ ಜಾಗ ಹಂಚಿದರು. ಮಾವಶಿಗೆ ಸಿಗಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ, "ಏನ ಮಾಡೂದು? ತನ್ನ ಊರು ಗೋವಾ ಅಂತ ಆಕೀನ ಬಾಯಿಬಿಟ್ಟು ಹೇಳ್ಯಾಳಂತ" ಎಂದ. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ಅಪ್ಪ ನ್ಯಾಯದ ಮನುಷ್ಯ, ಮರುದಿನವೇ ಕಚೇರಿಗೆ ಹೋಗುತ್ತಿದ್ದ. ನಾನು ರೊಟ್ಟಿ ಮುರಿಯುತ್ತ ಕೂತೆ. ಹತ್ತು ವರ್ಷದ ಹುಡುಗನಿಗೆ ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ಬೇಡ. ನನಗೆ ತಿಳಿದಿತ್ತು.

ಗುಡಿಸಲು ಕೆಡವಿದ ದಿನ ಮಾವಶಿ ಗಡಿಗೆಗಳನ್ನು ಸೀರೆಯಲ್ಲಿ ಕಟ್ಟಿಕೊಂಡು ಬೆಳಗಾವಿಯ ಬಸ್ಸು ಹತ್ತಿದಳು. ಗೋವಾಕ್ಕೆ ಹೋಗಲಿಲ್ಲ. ಅಲ್ಲಿ ಆಕೆಗೆ ಯಾರಿದ್ದರು?

ನಾನು ಮ್ಯಾಟ್ರಿಕ್ ಮುಗಿಸಿ ಬೆಳಗಾವಿಯ ನೂಲಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಅಲ್ಲಿನ ನೇಕಾರರ ವಡಗಾವಿಯ ಓಣಿಗೆ ಮಾಲು ಕೊಡಲು ಹೋಗಿದ್ದೆ. ಮಗ್ಗದ ಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಮುದುಕಿ "ಬಾಳಾ" ಎಂದಳು. ಕೈಹಿಡಿದು ಕೂರಿಸಿ, ಚಹಾ ತರಿಸಿ, ಸುತ್ತಲಿದ್ದ ಹೆಂಗಸರಿಗೆಲ್ಲ ನನ್ನನ್ನು ತೋರಿಸಿದಳು.

"ಸಾಹೇಬನ ಮುಂದ ನನ್ನ ಪರವಾಗಿ ನಿಂತ ಹುಡುಗ ಇವನ ನೋಡ್ರಿ. ನಾ ಹೇಳಿದ್ದೆಲ್ಲಾ ಹೇಳಿದ. ಖರೇ, ಆ ಸಾಹೇಬಗ ಕಿವಿ ಇರಲಿಲ್ಲ, ಇವ ಏನ ಮಾಡ್ತಾನ?"

ನಾನು ಚಹಾ ಕುಡಿದು ಎದ್ದು ಬಂದೆ. ಮತ್ತೆ ಆ ಓಣಿಗೆ ಹೋಗಲಿಲ್ಲ.

ಈಗ ಬೆಳಗಾವಿಯ ಹತ್ತಿರದ ಮಚ್ಛೆಯಲ್ಲಿದ್ದೇನೆ. ಮೇಲಿನ ಎರಡು ಖೋಲಿಗಳಲ್ಲಿ ಒಡಿಶಾದ ಹುಡುಗರು ಬಾಡಿಗೆಗಿದ್ದಾರೆ, ಫ್ಯಾಕ್ಟರಿಯಲ್ಲಿ ದುಡಿಯುವವರು. ಹೊರಗಿನವರನ್ನು ಖಾಲಿ ಮಾಡಿಸಿರಿ ಕಾಕಾ ಎಂದು ಓಣಿಯವರು ಬಂದರು. ಬಾಗಿಲಿಗೆ ಅಡ್ಡ ನಿಂತೆ. "ಒಮ್ಮೆ ಒಂದ ಮಾತಿಗೆ ಒಂದು ಮನಿ ಕೆಡವೀನಿ. ಇನ್ನೊಮ್ಮೆ ಕೆಡವಂಗಿಲ್ಲ. ಏನ ಮಾಡ್ಕೋತೀರಿ ಮಾಡ್ಕೋರಿ" ಎಂದೆ. ವಲಸೆ ಬಂದವರ ಬಗ್ಗೆ ಅಧ್ಯಯನ ಮಾಡುವ ಹುಡುಗಿಯೊಬ್ಬಳು ಮೊನ್ನೆ ಬಂದಾಗಲೂ ಆಕೆಯನ್ನು ಕೂರಿಸಿ, ಆ ಒಡಿಶಾದ ಹುಡುಗರು ಪೂರ್ತಿ ಹೇಳಿ ಮುಗಿಸುವತನಕ ಏಳಲು ಬಿಡಲಿಲ್ಲ.

ಖಾನಾಪುರದ ಆ ಕಾರ್ಖಾನೆಯ ಜಾಗದಲ್ಲಿ ಈಗ ಕಂಟಿ ಬೆಳೆದಿದೆ. ನನ್ನ ನಾಲಿಗೆಯ ಕೊಂಕಣಿ ಆಡಲು ಯಾರೂ ಸಿಗದೆ ಸವೆದುಹೋಗಿದೆ. ಆ ಕೂಸನ್ನು ಹೂತ ಜಾಗ ಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ. ಹೋದ ವರ್ಷ ದಂಡೆಯುದ್ದಕ್ಕೂ ಹುಡುಕಿದೆ, ನನಗೂ ಗುರುತು ಸಿಗಲಿಲ್ಲ.

ಅಂದು ಹೇಳಬೇಕಾಗಿದ್ದ ಉತ್ತರ ಇಷ್ಟೇ. ಆಕೆಯ ಊರು ಖಾನಾಪುರ. ಹೆಸರು ಶೇವಂತಿ.